ಫೋನ್ ಕಿತ್ಕೊಂಡ ಕೋಚ್‌ಗೆ ಕಿವಿ ಇತ್ತಾ?

ಈ ಎಪಿಸೋಡನ್ನ ನೀವು ಬಹುಶಃ ಫೋನ್‌ನಲ್ಲೇ ಕೇಳ್ತಾ ಇದ್ದೀರ. ಹಾಗಾಗಿ ಮೊದಲು ಒಂದು ಪ್ರಶ್ನೆ. ಯಾರಾದ್ರೂ ಬಂದು, ‘ಮೂರು ತಿಂಗಳು ಈ ಫೋನು ನನ್ನ ಹತ್ರ ಇರಲಿ’ ಅಂದ್ರೆ ಕೊಡ್ತೀರಾ? ನಾನಂತೂ ಮೂರು ಗಂಟೆ ಕೊಡೋದೂ ಡೌಟು.

ಪಿ.ವಿ. ಸಿಂಧು ಕೊಟ್ಟಿದ್ದರು. 2016ರ ಆಗಸ್ಟ್‌ನಲ್ಲಿ ರಿಯೊ ಒಲಿಂಪಿಕ್ಸ್ ಫೈನಲ್‌ನಲ್ಲಿ ಸ್ಪೇನಿನ ಕರೊಲಿನಾ ಮರೀನ್ ಎದುರು ಸೋತು ಬೆಳ್ಳಿ ಗೆದ್ದ ಮೇಲೆ, ಆಕೆಯ ಕೋಚ್ ಪುಲ್ಲೇಲ ಗೋಪಿಚಂದ್ ಪತ್ರಕರ್ತರ ಮುಂದೆ ಈ ವಿಷಯ ಬಿಟ್ಟುಕೊಟ್ಟರು. ಮೂರು ತಿಂಗಳಿಂದ ಹುಡುಗಿ ಕೈಯಲ್ಲಿ ಫೋನ್ ಇಲ್ಲ, ಈಗ ವಾಪಸ್ ಕೊಡ್ತೀನಿ ಅಂದರು. ಆಕೆಗೆ ಇಷ್ಟವಾದ ಸಿಹಿ ಮೊಸರು, ಐಸ್‌ಕ್ರೀಮು ಕೂಡ ಬಂದ್ ಮಾಡಿದ್ದರಂತೆ. ಆ ಸುದ್ದಿ ಎಷ್ಟು ಓಡಿತು ಅಂದ್ರೆ, ಎಷ್ಟೋ ಮನೆಗಳಲ್ಲಿ ಅಪ್ಪ ಅಮ್ಮಂದಿರಿಗೆ ಅದೊಂದು ಆಯುಧವೇ ಆಯ್ತು. ‘ನೋಡು, ಸಿಂಧು ಫೋನೇ ಮುಟ್ಟಲಿಲ್ಲ.’ ನಮ್ಮನೇಲೂ ಆಯ್ತು, ಸುಳ್ಳು ಹೇಳಲ್ಲ.

ಇವತ್ತಿನ ವಿಷಯ ಒಳ್ಳೆ ಕೋಚ್ ಮತ್ತು ಒಳ್ಳೆ ಕೇಳುಗ. ಫೋನ್ ಕಿತ್ಕೊಳ್ಳೋ ಕೋಚನ್ನ ಒಳ್ಳೆ ಕೇಳುಗ ಅಂತ ಹೇಗೆ ಕರೆಯೋದು?

ಕನ್ನಡದ ‘ಕೇಳು’ ಅನ್ನೋ ಪದ ನೋಡಿ. ಪ್ರಶ್ನೆ ಹಾಕೋದೂ ಕೇಳೋದೇ, ಕಿವಿಗೊಡೋದೂ ಕೇಳೋದೇ. ಮೂರನೇ ಅರ್ಥವೂ ಇದೆ: ‘ಹೇಳಿದ ಮಾತು ಕೇಳು.’ ಅಂದ್ರೆ ಬಾಯ್ಮುಚ್ಕೊಂಡು ಮಾಡು. ನಾವು ಮೈದಾನದಲ್ಲಿ ಕಲಿತದ್ದು ಹೆಚ್ಚಾಗಿ ಈ ಮೂರನೆಯದೇ.

ನಾನು ಹೈಸ್ಕೂಲಲ್ಲಿ ವಾಲಿಬಾಲ್ ಆಡ್ತಿದ್ದೆ. ತಾಲ್ಲೂಕು ಮಟ್ಟದ ಪಂದ್ಯಕ್ಕೆ ಒಂದು ವಾರ ಇತ್ತು, ಜಿಗಿದು ಇಳಿದಾಗಲೆಲ್ಲ ಬಲಗಾಲಿನ ಪಾದದ ಹತ್ತಿರ ಚುಳ್ ಅಂತಿತ್ತು. ‘ಸರ್, ಕಾಲು ನೋಯ್ತಿದೆ’ ಅಂದೆ. ‘ಪ್ರಾಕ್ಟೀಸ್ ತಪ್ಪಿಸ್ಕೊಳ್ಳೋಕೆ ಎಲ್ಲರಿಗೂ ಕಾಲು ನೋಯತ್ತೆ’ ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಪಂದ್ಯದ ದಿನ ಎರಡನೇ ಸೆಟ್‌ನಲ್ಲಿ ಕುಂಟ್ಕೊಂಡು ಆಚೆ ಬಂದೆ. ಆಮೇಲೆ ನಾನು ವಾಲಿಬಾಲ್ ಆಡಲೇ ಇಲ್ಲ. ಕಾಲು ಒಂದೂವರೆ ತಿಂಗಳಲ್ಲಿ ಸರಿಹೋಯ್ತು, ಆ ನಗು ಮಾತ್ರ ಮರೆಯೋಕೆ ಆಗಲಿಲ್ಲ. ಆ ಮೇಷ್ಟ್ರು ಕೆಟ್ಟವರಲ್ಲ, ನಮಗೋಸ್ಕರ ಕೈಯಿಂದ ದುಡ್ಡು ಹಾಕಿ ಬಾಲ್ ತರ್ತಿದ್ದರು. ಕೇಳಿಸ್ಕೊಳ್ಳೋದು ತಮ್ಮ ಕೆಲಸ ಅಂತ ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೆ.

ಗೋಪಿಚಂದ್‌ಗೆ ನೋವು ಅಂದ್ರೇನು ಅಂತ ಚೆನ್ನಾಗಿ ಗೊತ್ತಿತ್ತು. ಆಟಗಾರನಾಗಿದ್ದಾಗ ಮೊಣಕಾಲಿನ ಲಿಗಮೆಂಟ್ ಹರಿದು, ಆಪರೇಷನ್‌ಗಳಾಗಿ, ಮತ್ತೆ ನಿಂತವರು. ಆ ದಿನಗಳಲ್ಲಿ ಅವರು ಬೆಂಗಳೂರಿಗೆ ಬಂದು ಪ್ರಕಾಶ್ ಪಡುಕೋಣೆ ಅವರ ಅಕಾಡೆಮಿಯಲ್ಲಿ ಅಭ್ಯಾಸ ಮಾಡಿದ್ದರು. 1980ರಲ್ಲಿ ಪ್ರಕಾಶ್ ಗೆದ್ದಿದ್ದ ಆಲ್ ಇಂಗ್ಲೆಂಡ್ ಪ್ರಶಸ್ತಿಯನ್ನ 2001ರಲ್ಲಿ ಗೋಪಿ ಗೆದ್ದರು. ಆಮೇಲೆ ಮನೆ ಅಡವಿಟ್ಟು ಹೈದರಾಬಾದ್‌ನ ಗಚ್ಚಿಬೌಲಿಯಲ್ಲಿ ಅಕಾಡೆಮಿ ಕಟ್ಟಿದರು.

ಅಲ್ಲಿಗೆ ಬಂದ ಸಿಂಧು ಎತ್ತರದ ಹುಡುಗಿ, ಮಾತು ಕಮ್ಮಿ. ಪಾಯಿಂಟ್ ಗೆದ್ದರೂ ಸುಮ್ಮನೆ, ಸೋತರೂ ಸುಮ್ಮನೆ. ಒಂದು ದಿನ ಗೋಪಿ ಆಕೆಯನ್ನ ಕೋರ್ಟ್ ಮಧ್ಯೆ ನಿಲ್ಲಿಸಿ, ಸುತ್ತ ಎಲ್ಲ ಆಟಗಾರರು ನೋಡ್ತಿರುವಾಗ, ‘ಕಿರುಚು’ ಅಂದರು. ಕಿರುಚೋ ತನಕ ರಾಕೆಟ್ ಮುಟ್ಟೋ ಹಾಗಿಲ್ಲ. ಹುಡುಗಿ ಅತ್ತಳು. ಕೊನೆಗೆ ಕಿರುಚಿದಳು. ರಿಯೊದಲ್ಲಿ ಒಂದೊಂದು ಪಾಯಿಂಟ್ ಆದ ಮೇಲೆ ಮುಷ್ಟಿ ಬಿಗಿದು ಕೂಗ್ತಿದ್ದ ಸಿಂಧುವನ್ನ ನೀವು ಟಿವಿಯಲ್ಲಿ ನೋಡಿದ್ದೀರಲ್ಲ, ಆ ಕೂಗು ಹುಟ್ಟಿದ್ದು ಹೀಗೆ.

ನನಗೆ ಈ ಕಥೆ ಪೂರ್ತಿ ಇಷ್ಟ ಆಗಲ್ಲ. ಎಲ್ಲರೆದುರು ಅಳಿಸೋದು ಸರಿನಾ? ಇನ್ನೊಂದು ಮಗು ಆಗಿದ್ರೆ ಅವತ್ತೇ ಬ್ಯಾಗ್ ಎತ್ಕೊಂಡು ಮನೆಗೆ ಹೋಗ್ತಿತ್ತೇನೋ, ನಾನು ಹೋದ ಹಾಗೆ. ಆದರೆ ಒಂದು ವ್ಯತ್ಯಾಸ ಇದೆ. ನನ್ನ ಮೇಷ್ಟ್ರಿಗೆ ನಾನು ಬಾಯಿಬಿಟ್ಟು ಹೇಳಿದ್ದೇ ಕೇಳಿಸಲಿಲ್ಲ. ಗೋಪಿಗೆ ಆ ಹುಡುಗಿ ಹೇಳದೇ ಇದ್ದದ್ದು ಕೇಳಿಸಿತ್ತು. ಅವಳ ಮೌನ ಶಾಂತಿ ಅಲ್ಲ, ಸಂಕೋಚ ಅಂತ ಅವರು ಓದಿಕೊಂಡಿದ್ದರು. ಅದಕ್ಕೆ ವರ್ಷಗಟ್ಟಲೆ ದಿನಾ ಬೆಳಿಗ್ಗೆ ಕೋರ್ಟ್ ಪಕ್ಕ ನಿಂತು ನೋಡಿರಬೇಕು.

ಈಗ ಪಂದ್ಯದ ದಿನಕ್ಕೆ ಬನ್ನಿ. 21 ಪಾಯಿಂಟ್‌ನ ಗೇಮ್‌ನಲ್ಲಿ ಒಬ್ಬರು 11 ಮುಟ್ಟಿದ ಕೂಡಲೇ 60 ಸೆಕೆಂಡ್ ಬಿಡುವು. ಗೇಮ್ ಮುಗಿದ ಮೇಲೆ ಎರಡು ನಿಮಿಷ. ಕೋಚ್ ಕೋರ್ಟ್ ಒಳಗೆ ಬಂದು ಮಾತಾಡೋಕೆ ಸಿಗೋದು ಅಷ್ಟೇ. ರ್‍ಯಾಲಿಗಳ ನಡುವೆ ಕುರ್ಚಿಯಿಂದಲೇ ಒಂದು ಮಾತು ಹೇಳಬಹುದು, ಶಟಲ್ ಹಾರ್ತಿರುವಾಗ ಅದೂ ಇಲ್ಲ. ಆ 60 ಸೆಕೆಂಡ್‌ನಲ್ಲಿ ಆಟಗಾರ್ತಿ ಬೆವರು ಒರೆಸ್ಕೋಬೇಕು, ನೀರು ಕುಡೀಬೇಕು, ಉಸಿರು ತಗೋಬೇಕು. ಉಳಿಯೋದು ಮೂವತ್ತು ಸೆಕೆಂಡ್ ಅನ್ಕೊಳ್ಳಿ. ಅಷ್ಟರಲ್ಲಿ ಐದು ತಪ್ಪು ಪಟ್ಟಿ ಮಾಡಿ ಹೇಳಿದ್ರೆ ಒಂದೂ ತಲೆಗೆ ಹೋಗಲ್ಲ. ಯಾವ ಒಂದು ಮಾತು ಹೇಳಬೇಕು ಅಂತ ತೀರ್ಮಾನಿಸೋಕೆ, ಮೊದಲ 11 ಪಾಯಿಂಟ್ ಪೂರ್ತಿ ಎದುರಾಳಿಯನ್ನಷ್ಟೇ ಅಲ್ಲ, ತನ್ನ ಹುಡುಗಿಯ ಭುಜ ಇಳಿದಿದ್ಯಾ, ಸರ್ವ್‌ಗೆ ಮುಂಚೆ ಅವಸರ ಮಾಡ್ತಿದ್ದಾಳಾ ಅಂತಲೂ ನೋಡಿರಬೇಕು. ಮುಂದಿನ ಸಲ ಬ್ಯಾಡ್ಮಿಂಟನ್ ನೋಡುವಾಗ ಆ ಬಿಡುವಲ್ಲಿ ಜಾಹೀರಾತು ಅಂತ ಚಾನೆಲ್ ಬದಲಾಯಿಸಬೇಡಿ. ಕೋಚ್ ಮುಖ ನೋಡಿ.

ಇಷ್ಟು ಕೇಳಿಸ್ಕೊಳ್ಳೋ ಮನುಷ್ಯನಿಗೂ ಒಂದು ಕಡೆ ಕೇಳಿಸಲಿಲ್ಲ. ನನಗೆ ಈ ಎಪಿಸೋಡ್ ಮಾಡಬೇಕು ಅನ್ನಿಸಿದ್ದೇ ಅದರಿಂದ.

ಸಿಂಧುಗೆ ಮುಂಚೆ ಅಲ್ಲಿ ಸೈನಾ ನೆಹ್ವಾಲ್ ಇದ್ದರು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದು, ಭಾರತಕ್ಕೆ ಬ್ಯಾಡ್ಮಿಂಟನ್‌ನ ಮೊದಲ ಒಲಿಂಪಿಕ್ ಪದಕ ತಂದವರು. 2014ರಲ್ಲಿ ಅವರು ಗೋಪಿಯನ್ನ ಬಿಟ್ಟು ಬೆಂಗಳೂರಿಗೆ ಬಂದರು, ವಿಮಲ್ ಕುಮಾರ್ ಹತ್ರ. ಮರುವರ್ಷವೇ ವಿಶ್ವದ ನಂಬರ್ ಒನ್ ಆದರು. 2020ರಲ್ಲಿ ಬಂದ ಒಂದು ಪುಸ್ತಕದಲ್ಲಿ ಗೋಪಿ ಇದನ್ನ ಮುಚ್ಚಿಟ್ಟಿಲ್ಲ. ಹೋಗಬೇಡ ಅಂತ ಸೈನಾ ಹತ್ರ ಬೇಡಿಕೊಂಡಿದ್ದಾಗಿ ಹೇಳಿದ್ದಾರೆ. 2012ರಿಂದ 2014ರ ನಡುವೆ ಸಿಂಧು ತುಂಬಾ ಬೆಳೆದಿದ್ದರು, ಬೇರೆ ಆಟಗಾರರನ್ನೂ ನೋಡ್ಕೋಬೇಕಿತ್ತು, ಸೈನಾರನ್ನ ಕಡೆಗಣಿಸೋ ಉದ್ದೇಶ ಇರಲಿಲ್ಲ, ಆದರೆ ಅದನ್ನ ಆಕೆಗೆ ಸರಿಯಾಗಿ ತಿಳಿಸೋಕೆ ಆಗಲಿಲ್ಲವೇನೋ ಅನ್ನೋದು ಅವರ ಮಾತಿನ ಸಾರ. ಒಬ್ಬ ದೊಡ್ಡ ಕೋಚ್ ಇದನ್ನ ಪುಸ್ತಕದಲ್ಲಿ ಅಚ್ಚಾಗೋ ಹಾಗೆ ಹೇಳೋದು ಸಣ್ಣ ವಿಷಯ ಅಲ್ಲ. ನನಗೆ ಆ ಫೋನ್ ಕಥೆಗಿಂತ ಇದೇ ದೊಡ್ಡದು ಅನ್ಸತ್ತೆ.

ಶಿಷ್ಯರ ಗುಂಪು ದೊಡ್ಡದಾದಾಗ ಆಗೋದೇ ಇದು. ಹೊಸಬರ ಮಾತು ಕಿವಿಗೆ ಬೀಳತ್ತೆ. ಹಳಬರು ಹೇಗೂ ಇದ್ದಾರಲ್ಲ, ಅವರದ್ದು ಆಮೇಲೆ ಕೇಳಿದ್ರಾಯ್ತು ಅನ್ಸತ್ತೆ. ಮನೆಯ ದೊಡ್ಡ ಮಕ್ಕಳಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

2017ರಲ್ಲಿ ಸೈನಾ ಮತ್ತೆ ಗೋಪಿ ಹತ್ರ ಹೋದರು. ಮರುವರ್ಷ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕೂಟದ ಫೈನಲ್‌ನಲ್ಲಿ ನೆಟ್‌ನ ಒಂದು ಕಡೆ ಸೈನಾ, ಇನ್ನೊಂದು ಕಡೆ ಸಿಂಧು. ಸೈನಾ 21-18, 23-21ರಲ್ಲಿ ಗೆದ್ದರು. ಇನ್ನೂ ಮುಂದಕ್ಕೆ ಬಂದ್ರೆ, 2023ರ ಕೊನೆಯಲ್ಲಿ ಸಿಂಧು ಕೂಡ ಬೆಂಗಳೂರಿಗೆ ಬಂದು ಪ್ರಕಾಶ್ ಪಡುಕೋಣೆ ಮಾರ್ಗದರ್ಶನದಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ಗೆ ತಯಾರಾದರು. ಗೋಪಿ ಕಾಲು ಸರಿಮಾಡ್ಕೊಂಡು ಎದ್ದು ಬಂದಿದ್ದ ಅದೇ ಅಕಾಡೆಮಿ.

ನಿಮಗೂ ಇಂಥ ಒಬ್ಬ ಕೋಚ್, ಪಿಟಿ ಮೇಷ್ಟ್ರು, ಮೇಡಂ ಇದ್ದರೆ ಒಂದು ನಿಮಿಷದ ವಾಯ್ಸ್ ನೋಟ್ ಕಳಿಸಿ. ಕೇಳಿಸ್ಕೊಂಡವರದ್ದೂ ಆಗಬಹುದು, ಕೇಳಿಸ್ಕೊಳ್ಳದವರದ್ದೂ ಆಗಬಹುದು. ಅವರ ಹೆಸರು, ಶಾಲೆ ಹೆಸರು ಬೇಡ. ಆಟ ಯಾವುದು ಅಂತ ಮಾತ್ರ ಹೇಳಿ. ಎಲ್ಲವನ್ನೂ ಪೂರ್ತಿ ಕೇಳ್ತೀನಿ, ಒಂದೂವರೆ ಪಟ್ಟು ಸ್ಪೀಡಲ್ಲಿ ಅಲ್ಲ.