ಬೊನೇರ್: ದಡದಲ್ಲೇ ಶುರುವಾಗುವ ಹವಳದ ಲೋಕ

ಬೊನೇರ್ ದ್ವೀಪದ ಪಶ್ಚಿಮ ಕರಾವಳಿಯ ರಸ್ತೆಯಲ್ಲಿ ಸಾಗಿದರೆ ಬದಿಯಲ್ಲಿ ಅಲ್ಲಲ್ಲಿ ಹಳದಿ ಬಣ್ಣ ಬಳಿದ ಕಲ್ಲುಗಳು ಕಾಣುತ್ತವೆ. ಅವುಗಳ ಮೇಲೆ ಆಯಾ ಜಾಗದ ಹೆಸರು ಬರೆದಿರುತ್ತದೆ. ಕಲ್ಲು ಕಂಡಲ್ಲಿ ಗಾಡಿ ನಿಲ್ಲಿಸಿ, ಕಣ್ಣು ಮೂಗು ಮುಚ್ಚುವ ಮಾಸ್ಕ್ ಧರಿಸಿ, ಉಸಿರುಕೊಳವೆಯನ್ನು ಬಾಯಲ್ಲಿ ಕಚ್ಚಿ ನೀರಿಗಿಳಿಯಬಹುದು. ದೋಣಿ ಬೇಕಿಲ್ಲ, ಟಿಕೆಟ್ ಕೌಂಟರಿನ ಸಾಲೂ ಇಲ್ಲ. ದಡ ಬಿಟ್ಟು ಸ್ವಲ್ಪ ದೂರ ಈಜುವಷ್ಟರಲ್ಲಿ ಹೊಟ್ಟೆಯ ಕೆಳಗೆ ಹವಳದ ದಿಬ್ಬ ಹರಡಿಕೊಂಡಿರುತ್ತದೆ.

ಸ್ನಾರ್ಕೆಲಿಂಗ್ ಮಾಡುವವರಿಗೆ ಇಷ್ಟು ಸುಲಭವಾಗಿ ಒಲಿಯುವ ಕಡಲು ಜಗತ್ತಿನಲ್ಲಿ ಹೆಚ್ಚಿಲ್ಲ. ಆ ಸುಲಭದ ಹಿಂದೆ ನಿಸರ್ಗದ ಕೊಡುಗೆ ಎಷ್ಟಿದೆಯೋ, ಅರ್ಧ ಶತಮಾನದಿಂದ ಕಡಲನ್ನು ಕಾಯುತ್ತ ಬಂದ ಜನರ ಶ್ರಮವೂ ಅಷ್ಟೇ ಇದೆ. ಆ ಶ್ರಮಕ್ಕೆ ಒಂದು ಹೆಸರುಂಟು: ಬೊನೇರ್ ರಾಷ್ಟ್ರೀಯ ಸಾಗರ ಉದ್ಯಾನ.

ಮಳೆ ಕಡಿಮೆ, ನೀರು ತಿಳಿ

ವೆನೆಜುವೆಲಾದ ಕರಾವಳಿಯಿಂದ ಸುಮಾರು 80 ಕಿ.ಮೀ. ಉತ್ತರಕ್ಕಿರುವ ಬೊನೇರ್‌ನ ವಿಸ್ತೀರ್ಣ 288 ಚದರ ಕಿ.ಮೀ. ರಾಜಧಾನಿ ಕ್ರಾಲೆಂಡೈಕ್. 2010ರ ಅಕ್ಟೋಬರ್ 10ರಿಂದ ಇದು ನೆದರ್ಲೆಂಡ್ಸ್‌ನ ವಿಶೇಷ ಪುರಸಭೆ. ಕಚೇರಿಯ ಭಾಷೆ ಡಚ್ಚಾದರೂ ಮನೆಯಲ್ಲಿ, ಬೀದಿಯಲ್ಲಿ ಕೇಳಿಸುವುದು ಪಾಪಿಯಮೆಂಟು.

ಇದು ಒಣ ನೆಲ. ಆಳೆತ್ತರದ ಕಳ್ಳಿ, ಕುರುಚಲು ಗಿಡ, ದಾರಿಗಡ್ಡ ಬರುವ ಕತ್ತೆಗಳು, ದಕ್ಷಿಣದ ಉಪ್ಪಿನ ಮಡಿಗಳಲ್ಲಿ ಗುಲಾಬಿ ಬಣ್ಣದ ಫ್ಲೆಮಿಂಗೊ ಹಕ್ಕಿಗಳು. ನದಿಗಳಿಲ್ಲದ ಕಾರಣ ಮಣ್ಣು ಕೊಚ್ಚಿಕೊಂಡು ಬಂದು ಕಡಲಿಗೆ ಸೇರುವುದು ಕಡಿಮೆ. ಹಾಗಾಗಿ ನೀರು ತಿಳಿಯಾಗಿದ್ದು ಬಿಸಿಲು ಆಳಕ್ಕೆ ಇಳಿಯುತ್ತದೆ. ಹವಳ ಬೆಳೆಯಲು ಅದೇ ಬೇಕು. ವರ್ಷದ ಬಹುಪಾಲು ಗಾಳಿ ಬೀಸುವುದು ಪೂರ್ವದಿಂದ. ಪೂರ್ವದ ದಡದಲ್ಲಿ ಅಲೆಗಳು ಬಂಡೆಗೆ ಅಪ್ಪಳಿಸುತ್ತಿದ್ದರೆ, ದ್ವೀಪದ ಮರೆಯಲ್ಲಿರುವ ಪಶ್ಚಿಮದ ಕಡಲು ಕೆರೆಯ ನೀರಿನ ಹಾಗೆ ಶಾಂತವಾಗಿರುತ್ತದೆ. ಕೆರಿಬಿಯನ್ ದ್ವೀಪಗಳನ್ನು ಕಾಡುವ ಚಂಡಮಾರುತಗಳೂ ಹೆಚ್ಚಾಗಿ ಇಲ್ಲಿಂದ ಉತ್ತರಕ್ಕೇ ಹಾದುಹೋಗುತ್ತವೆ. ಹಾಗೆಂದು ಪೂರ್ತಿ ಅಭಯವಿಲ್ಲ. 1999ರ ನವೆಂಬರಿನಲ್ಲಿ ಲೆನ್ನಿ ಚಂಡಮಾರುತ ಪಶ್ಚಿಮದಿಂದ ಎಬ್ಬಿಸಿದ ಅಲೆಗಳು ದಡದ ಆಳವಿಲ್ಲದ ಹವಳಗಳನ್ನು ಮುರಿದುಹಾಕಿದ್ದವು.

ಊರಿನವರ ದಂಡೆಗಳು

ಬಿಳಿ ಮರಳಿನ ಉದ್ದನೆಯ ಬೀಚ್ ಹುಡುಕಿ ಬಂದವರಿಗೆ ಬೊನೇರ್ ಮೊದಲ ನೋಟಕ್ಕೆ ನಿರಾಸೆ ಮಾಡಬಹುದು. ಹೆಚ್ಚಿನ ದಂಡೆಗಳಲ್ಲಿ ಕಾಲಿಗೆ ಸಿಗುವುದು ಸತ್ತ ಹವಳದ ಚೂರುಗಳು. ಗಟ್ಟಿ ತಳದ ಚಪ್ಪಲಿ ಇಲ್ಲದೆ ನಡೆಯುವುದು ಕಷ್ಟ. ದೊಡ್ಡ ಹೋಟೆಲುಗಳ ಸಾಲು ಇಲ್ಲಿ ಬೆಳೆಯದಿರಲು, ದಂಡೆಗಳು ಊರಿನವರ ಕೈಯಲ್ಲೇ ಉಳಿಯಲು ಈ ಒರಟುತನವೂ ಒಂದು ಕಾರಣ.

ವಿಮಾನ ನಿಲ್ದಾಣದ ಸಮೀಪದ ತೆ ಆಮೊ ಬೀಚ್ ಅಂಥದ್ದೊಂದು ಜಾಗ. ಇಲ್ಲಿ ಸ್ವಲ್ಪ ಮರಳಿದೆ, ನೀರಿಗಿಳಿಯುವುದು ಸಲೀಸು. ವಾರದ ದಿನಗಳಲ್ಲಿ ಬೆಳಗ್ಗೆ ಜನ ವಿರಳ. ರಜಾದಿನಗಳಲ್ಲಿ ಊರಿನ ಕುಟುಂಬಗಳು ಮಕ್ಕಳನ್ನು ಕಟ್ಟಿಕೊಂಡು ಬರುತ್ತವೆ. ಈಜು ಕಲಿಯುವ ಮಗುವಿಗೂ ಕಡಲಾಮೆಯ ಹಿಂದೆ ಕಣ್ಣು ನೆಟ್ಟು ತೇಲುವ ಪ್ರವಾಸಿಗೂ ಅದೇ ನೀರು.

ಉತ್ತರಕ್ಕೆ ಹೋದರೆ ‘ಸಾವಿರ ಮೆಟ್ಟಿಲು’ ಎಂಬ ಹೆಸರಿನ ದಂಡೆ ಇದೆ. ಸುಣ್ಣಕಲ್ಲಿನ ಗುಡ್ಡದಲ್ಲಿ ನಿಜವಾಗಿ ಇರುವುದು ಎಪ್ಪತ್ತರ ಆಸುಪಾಸಿನಷ್ಟು ಮೆಟ್ಟಿಲು. ಬೆನ್ನಿಗೆ ಗಾಳಿಯ ಸಿಲಿಂಡರ್ ಹೊತ್ತು ಬಿಸಿಲಲ್ಲಿ ಮರಳಿ ಹತ್ತಿದವರು ಕೊಟ್ಟ ಹೆಸರು ಅದು. ಕ್ರಾಲೆಂಡೈಕ್‌ನ ಎದುರಿಗೇ ಕ್ಲೈನ್ ಬೊನೇರ್ ಎಂಬ ಪುಟ್ಟ ದ್ವೀಪವಿದೆ. ಅಲ್ಲಿ ಮನೆಗಳಿಲ್ಲ, ಅಂಗಡಿಗಳಿಲ್ಲ. ಹೆಸರೇ ಇಲ್ಲದ ಬೀಚ್ ಎಂದು ಕರೆಯಲಾಗುವ ಅದರ ಮರಳದಂಡೆಗೆ ದೋಣಿ ಹೋಗುತ್ತದೆ. ನೀರಿಗಿಳಿದು ಸೆಳೆತಕ್ಕೆ ಮೈಬಿಟ್ಟರೆ ಕೈಕಾಲು ಬಡಿಯದೆ ಹವಳದ ದಿಬ್ಬದ ಮೇಲೆ ಸಾಗಬಹುದು. ಕಡಲಾಮೆಗಳು ಮೊಟ್ಟೆಯಿಡಲು ಬರುವುದೂ ಇದೇ ಮರಳಿಗೆ.

ನೀರೊಳಗಿನ ನೆರೆಹೊರೆ

ಸ್ನಾರ್ಕೆಲಿಂಗ್‌ಗೆ ಬೇಕಾದ ಕೌಶಲ ಬಹಳ ಸರಳ: ನಿಧಾನವಾಗಿ ಉಸಿರಾಡುವುದು, ಸುಮ್ಮನೆ ತೇಲುವುದು. ಮೈ ಸಡಿಲಬಿಟ್ಟವರ ಹತ್ತಿರಕ್ಕೆ ಮೀನುಗಳು ತಾವಾಗಿ ಬರುತ್ತವೆ. ಹಳದಿ ಮೈಗೆ ಕಪ್ಪು ಪಟ್ಟೆಯ ಸಾರ್ಜೆಂಟ್ ಮೇಜರ್, ಗುಂಪಾಗಿ ಮೇಯುವ ನೀಲಿ ಟ್ಯಾಂಗ್, ಸಮುದ್ರ ಬೀಸಣಿಗೆಗಳ ನಡುವೆ ತಲೆಕೆಳಗಾಗಿ ನಿಂತು ಕಡ್ಡಿಯೆಂದು ನಂಬಿಸುವ ಟ್ರಂಪೆಟ್ ಮೀನು ಇಲ್ಲಿ ಸಾಮಾನ್ಯ.

ಇವುಗಳಲ್ಲಿ ಗಿಳಿಮೀನಿನ ಕೆಲಸ ದೊಡ್ಡದು. ಕಿವಿಗೊಟ್ಟರೆ ಅದು ಕಲ್ಲು ಕೆರೆಯುವ ಕರಕರ ಸದ್ದು ನೀರಲ್ಲೂ ಕೇಳಿಸುತ್ತದೆ. ಹವಳದ ಮೇಲೆ ಹಬ್ಬುವ ಪಾಚಿಯನ್ನು ಅದು ಕೊಕ್ಕಿನಂಥ ಹಲ್ಲಿನಿಂದ ಹೆರೆದು ತಿನ್ನುತ್ತದೆ. ಜೊತೆಗೆ ನುಂಗಿದ ಸುಣ್ಣಕಲ್ಲನ್ನು ಅರೆದು ಮರಳಾಗಿ ಹೊರಹಾಕುತ್ತದೆ. ಪಾಚಿ ತಿನ್ನುವವರು ಇಲ್ಲವಾದರೆ ಹವಳದ ಮರಿಗಳಿಗೆ ಅಂಟಿಕೊಳ್ಳಲು ಜಾಗವೇ ಸಿಗುವುದಿಲ್ಲ. 1983–84ರಲ್ಲಿ ಕೆರಿಬಿಯನ್‌ನಾದ್ಯಂತ ಪಾಚಿ ಮೇಯುವ ಕಪ್ಪು ಮುಳ್ಳಿನ ಸೀ ಅರ್ಚಿನ್‌ಗಳು ರೋಗಕ್ಕೆ ತುತ್ತಾಗಿ ಸತ್ತ ಮೇಲೆ ಗಿಳಿಮೀನಿನ ಬೆಲೆ ಇನ್ನಷ್ಟು ಹೆಚ್ಚಿತು. 2010ರಲ್ಲಿ ಬೊನೇರ್ ಅದನ್ನು ಹಿಡಿಯುವುದನ್ನೇ ನಿಷೇಧಿಸಿತು.

ಈಟಿ ಕೆಳಗಿಟ್ಟವರು

1962ರಲ್ಲಿ ಡಾನ್ ಸ್ಟೂವರ್ಟ್ ಎಂಬ ಅಮೆರಿಕನ್ನರು ‘ವ್ಯಾಲೆರಿ ಕ್ವೀನ್’ ಹೆಸರಿನ ಹಾಯಿ ಹಡಗಿನಲ್ಲಿ ಬೊನೇರ್‌ಗೆ ಬಂದಿಳಿದರು. ಮೊದಮೊದಲು ಅವರೂ ಈಟಿ ಹಿಡಿದು ಮೀನು ಬೇಟೆಯಾಡಿದವರೇ. ಕ್ರಮೇಣ ಕಡಲು ಬರಿದಾಗುವುದನ್ನು ಅರಿತು ಅದರ ಪರವಾಗಿ ನಿಂತರು. ದೋಣಿಯ ಲಂಗರು ಬಿದ್ದು ಹವಳ ಒಡೆಯದಿರಲೆಂದು ಶಾಶ್ವತ ತೇಲುಬುರುಡೆಗಳನ್ನು ಹಾಕಿಸಲು ದುಡಿದರು. 2014ರಲ್ಲಿ ತೀರಿಕೊಳ್ಳುವವರೆಗೂ ‘ಕ್ಯಾಪ್ಟನ್ ಡಾನ್’ ದ್ವೀಪದ ಮುಳುಗುಗಾರರ ಹಿರಿಯಣ್ಣನಾಗಿದ್ದರು.

1971ರಲ್ಲಿ ಈಟಿ ಬೇಟೆಗೆ ನಿಷೇಧ ಬಂತು. 1975ರಲ್ಲಿ ಹವಳ ಕೀಳುವುದು ಕಾನೂನುಬಾಹಿರವಾಯಿತು. 1979ರಲ್ಲಿ ವಿಶ್ವ ವನ್ಯಜೀವಿ ನಿಧಿಯ ಡಚ್ ಶಾಖೆಯ ನೆರವಿನಿಂದ ಸಾಗರ ಉದ್ಯಾನ ಹುಟ್ಟಿತು. ಭರತದ ನೀರು ಮುಟ್ಟುವ ಗೆರೆಯಿಂದ 60 ಮೀಟರ್ ಆಳದವರೆಗೆ, ಬೊನೇರ್ ಮತ್ತು ಕ್ಲೈನ್ ಬೊನೇರ್ ಎರಡರ ಸುತ್ತಲಿನ ಸುಮಾರು 2,700 ಹೆಕ್ಟೇರ್ ಕಡಲು ಇದರ ವ್ಯಾಪ್ತಿ. ಅಂದರೆ ಪ್ರವಾಸಿ ಅಂಗಾಲು ತೋಯಿಸಿದ ಕ್ಷಣವೇ ಉದ್ಯಾನದೊಳಗೆ ಕಾಲಿಟ್ಟ ಹಾಗೆ.

ಕೆಲವೇ ವರ್ಷಗಳಲ್ಲಿ ಹಣ ಮುಗಿದು ಉದ್ಯಾನ ಕಾಗದದ ಮೇಲಷ್ಟೇ ಉಳಿಯಿತು. ಅದು ಮತ್ತೆ ಜೀವ ಪಡೆದದ್ದು 1990ರ ದಶಕದ ಆರಂಭದಲ್ಲಿ. 1992ರಿಂದ ಮುಳುಗುಗಾರರಿಂದ ವರ್ಷಕ್ಕೆ 10 ಡಾಲರ್ ಶುಲ್ಕ ವಸೂಲಿ ಶುರುವಾಯಿತು. ಹಣ ಕೇಳಿದರೆ ಪ್ರವಾಸಿಗರು ಓಡಿಹೋದಾರೆಂಬ ಭಯ ಸುಳ್ಳಾಯಿತು. ಇಂದು ಸ್ನಾರ್ಕೆಲಿಂಗ್ ಮಾಡುವವರೂ ಈ ಶುಲ್ಕ ಕಟ್ಟಬೇಕು, ಅದು 40 ಡಾಲರಿಗೆ ಏರಿದೆ. ಉದ್ಯಾನವನ್ನು ನೋಡಿಕೊಳ್ಳುವ ಸ್ಟಿನಾಪಾ ಸಂಸ್ಥೆ ಕಾವಲುಗಾರರ ಸಂಬಳ, ತೇಲುಬುರುಡೆಗಳ ದುರಸ್ತಿ, ಶಾಲಾ ಮಕ್ಕಳ ನಿಸರ್ಗ ಪಾಠಗಳಿಗೆ ಹಣ ಹೊಂದಿಸುವುದು ಇದರಿಂದಲೇ. ಕಡಲು ನೋಡಲು ಬಂದವರು ಕಡಲಿನ ಖರ್ಚು ಭರಿಸಬೇಕೆಂಬ ಈ ನ್ಯಾಯ ನನಗೆ ತುಂಬ ಸರಿಯೆನಿಸುತ್ತದೆ.

ಊರಿನವರ ಹಟಕ್ಕೆ ಇನ್ನೊಂದು ಸಾಕ್ಷಿ ಕ್ಲೈನ್ ಬೊನೇರ್. ಖಾಸಗಿಯವರ ಕೈಯಲ್ಲಿದ್ದ ಆ ದ್ವೀಪದಲ್ಲಿ ರೆಸಾರ್ಟ್ ಕಟ್ಟುವ ಯೋಜನೆಗಳಿದ್ದವು. ಜನರು ವಿರೋಧಿಸಿದರು. 1999ರಲ್ಲಿ ಸಾರ್ವಜನಿಕ ಹಣ ಮತ್ತು ದೇಣಿಗೆಯಿಂದ ಅದನ್ನು ಮರಳಿ ಕೊಂಡುಕೊಂಡು ರಕ್ಷಿತ ಪ್ರದೇಶವಾಗಿಸಲಾಯಿತು.

ಹೊಸ ಸಂಕಟ, ಹೊಸ ನಾಟಿ

ಕಾವಲಿದ್ದರೂ ಕಷ್ಟ ತಪ್ಪಿಲ್ಲ. ನಮ್ಮ ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್‌ನ ಮೂಲವಾಸಿಯಾದ ಲಯನ್‌ಫಿಶ್ 2009ರಲ್ಲಿ ಬೊನೇರ್‌ನಲ್ಲಿ ಕಾಣಿಸಿಕೊಂಡಿತು. ವಿಷದ ಮುಳ್ಳಿನ ಈ ಮೀನನ್ನು ಹತೋಟಿಯಲ್ಲಿಡುವ ಶತ್ರುಗಳು ಅಲ್ಲಿಲ್ಲ, ಸ್ಥಳೀಯ ಮರಿಮೀನುಗಳನ್ನು ಅದು ಎಗ್ಗಿಲ್ಲದೆ ನುಂಗುತ್ತದೆ. ಹೀಗಾಗಿ ತರಬೇತಿ ಪಡೆದ ಮುಳುಗುಗಾರರಿಗೆ ಅದನ್ನಷ್ಟೇ ಬೇಟೆಯಾಡಲು ವಿಶೇಷ ಪರವಾನಗಿ ಕೊಡಲಾಯಿತು. 2023ರಲ್ಲಿ ಗಟ್ಟಿ ಹವಳಗಳ ಅಂಗಾಂಶವನ್ನು ಕರಗಿಸುವ ರೋಗ ದ್ವೀಪಕ್ಕೆ ಬಂತು. ಅದೇ ವರ್ಷ ಕೆರಿಬಿಯನ್ ಕಡಲು ಅಸಹಜವಾಗಿ ಬಿಸಿಯಾಗಿ ಹವಳಗಳು ಬಿಳಿಚಿದವು.

ಇದಕ್ಕೆ ಉತ್ತರವಾಗಿ ನೀರೊಳಗೆ ಕೃಷಿಯೂ ನಡೆದಿದೆ. 2012ರಿಂದ ಕಡಲೊಳಗಿನ ನರ್ಸರಿಗಳಲ್ಲಿ, ಮರದಾಕಾರದ ಚೌಕಟ್ಟುಗಳಿಗೆ ಹವಳದ ತುಂಡುಗಳನ್ನು ತೂಗುಹಾಕಿ ಬೆಳೆಸಲಾಗುತ್ತಿದೆ. ಚೆನ್ನಾಗಿ ಬೆಳೆದ ಮೇಲೆ ಅವನ್ನು ಬರಿದಾದ ದಿಬ್ಬಗಳಲ್ಲಿ ನಾಟಿ ಮಾಡುತ್ತಾರೆ.

ಹೋಗುವವರಿಗೆ

ಬೆಂಗಳೂರಿನಿಂದ ಹೊರಡುವವರಿಗೆ ಆಮ್‌ಸ್ಟರ್‌ಡ್ಯಾಮ್ ಮೂಲಕ ಹೋಗುವುದು ಅನುಕೂಲ. ವೀಸಾ ನಿಯಮಗಳನ್ನು ಮೊದಲೇ ವಿಚಾರಿಸಿಕೊಳ್ಳಿ. ನೀರಿಗೆ ಒಬ್ಬರೇ ಇಳಿಯಬೇಡಿ, ಜೊತೆಗಾರರಿರಲಿ. ಆಕ್ಸಿಬೆನ್‌ಜೋನ್, ಆಕ್ಟಿನಾಕ್ಸೇಟ್ ಇರುವ ಸನ್‌ಸ್ಕ್ರೀನ್ ಒಯ್ಯಬೇಡಿ. ಹವಳಕ್ಕೆ ಹಾನಿ ಎಂಬ ಕಾರಣಕ್ಕೆ ದ್ವೀಪ ಅವುಗಳ ಮಾರಾಟ ನಿಷೇಧಿಸಿದೆ. ಉದ್ದ ತೋಳಿನ ಈಜು ಅಂಗಿ ತೊಟ್ಟರೆ ಬಿಸಿಲಿನ ಚಿಂತೆ ಅರ್ಧ ಕಳೆಯುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು, ಹವಳದ ಮೇಲೆ ನಿಲ್ಲದಿರುವುದು. ಬಂಡೆಯಂತೆ ಕಾಣುವ ದೊಡ್ಡ ಹವಳ ವರ್ಷಕ್ಕೆ ಸಾಮಾನ್ಯವಾಗಿ ಒಂದು ಸೆಂಟಿಮೀಟರಿನಷ್ಟು ಬೆಳೆಯುತ್ತದೆ. ಆಳೆತ್ತರದ್ದಾದರೆ ಅದಕ್ಕೆ ನೂರು ವರ್ಷಕ್ಕೂ ಮೀರಿದ ವಯಸ್ಸು.

ಬೊನೇರ್‌ವರೆಗೆ ಹೋಗಲಾಗದವರಿಗೂ ಈ ಮಾತು ಅನ್ವಯಿಸುತ್ತದೆ. ಮುರ್ಡೇಶ್ವರದಿಂದ ದೋಣಿಯಲ್ಲಿ ತಲುಪುವ ನೇತ್ರಾಣಿಯ ಸುತ್ತಲೂ ಹವಳವಿದೆ. ಅಲ್ಲಿಗೂ ಈಗ ಮಾಸ್ಕ್ ತೊಟ್ಟ ಪ್ರವಾಸಿಗರು ಹೋಗುತ್ತಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಮ್ಮ ದೇಶದ ದಿಬ್ಬ ಕಟ್ಟುವ ಹವಳಗಳಿಗೂ ರಕ್ಷಣೆ ಕೊಟ್ಟಿದೆ. ಕಾನೂನನ್ನು ಕಡಲಿಗೆ ಇಳಿಸಬೇಕಾದವರು ನಾವು. ನೇತ್ರಾಣಿಯ ನೀರಿಗಿಳಿದಾಗ ಏನನ್ನೂ ಮುಟ್ಟಬೇಡಿ, ಏನನ್ನೂ ಎತ್ತಿಕೊಂಡು ಬರಬೇಡಿ, ನಿಮ್ಮ ದೋಣಿ ಹವಳದ ಮೇಲೆ ಲಂಗರು ಹಾಕದಂತೆ ನೋಡಿಕೊಳ್ಳಿ.