ಬಲೆಗೆ ಬೆದರಿದ ಮೀನಿನಲ್ಲಿ ಮೊಟ್ಟೆ ಬಲಿಯದು

ಧಾರವಾಡದ ಪ್ರಯೋಗಾಲಯದಿಂದ ಮೀನು ಸಾಕುವವರಿಗೊಂದು ಮಾತು

ಬಟವಾಡಿಯ ಮಾರುಕಟ್ಟೆ ಪ್ರಾಂಗಣಕ್ಕೆ ಹುಣಸೆ, ರಾಗಿ ಹೇರಿಕೊಂಡು ಬರುವ ಗುಬ್ಬಿ, ಕುಣಿಗಲ್ ಕಡೆಯ ರೈತರಲ್ಲಿ ಕೆರೆಯಲ್ಲೋ ಕೃಷಿಹೊಂಡದಲ್ಲೋ ಮೀನುಮರಿ ಬಿಟ್ಟವರೂ ಇದ್ದಾರೆ. ಅಂಥವರಿಗೆ ಜಿಲೇಬಿ ಮೀನಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಆಫ್ರಿಕದ ಮೂಲದ ಈ ತಿಲಾಪಿಯ 1952ರಲ್ಲಿ ಭಾರತಕ್ಕೆ ಬಂದಿತು. ಹೆಣ್ಣು ಮೊಟ್ಟೆಗಳನ್ನು ಬಾಯಲ್ಲಿಟ್ಟುಕೊಂಡು ಕಾಯುತ್ತದೆ, ಮರಿಯಾದ ಮೇಲೂ ಅಪಾಯ ಕಂಡರೆ ಬಾಯೊಳಗೆ ಸೇರಿಸಿಕೊಳ್ಳುತ್ತದೆ. ವರ್ಷದಲ್ಲಿ ಹಲವು ಸಲ ಮರಿ ಮಾಡಿ, ಸಂಖ್ಯೆ ಹೆಚ್ಚಿ, ಗಾತ್ರ ಕುಗ್ಗಿ, ಕೊನೆಗೆ ಅಂಗೈಯಗಲದ ಮೀನುಗಳೇ ಹೊಂಡದ ತುಂಬ ಆಗುತ್ತವೆ. ಸಂತಾನ ಬೆಳೆಸುವುದರಲ್ಲಿ ಇದನ್ನು ಮೀರಿಸುವ ಮೀನು ನಮ್ಮ ಕೆರೆಗಳಲ್ಲಿ ಇಲ್ಲವೆಂದೇ ಹೇಳಬೇಕು.

ಇಂಥ ಮೀನೂ ಮೊಟ್ಟೆಯಿಡುವುದನ್ನು ನಿಲ್ಲಿಸಬಲ್ಲದು ಎಂಬುದನ್ನು ತೋರಿಸಿಕೊಟ್ಟವರು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರಜ್ಞ ಸಿ.ಬಿ. ಗಣೇಶ್ ಮತ್ತು ಅವರ ಸಂಗಡಿಗರು. ಇದಕ್ಕೂ ಮೊದಲು, ಈ ಶತಮಾನದ ಆರಂಭದಲ್ಲಿ, ಅವರು ಮೈಸೂರು ವಿಶ್ವವಿದ್ಯಾಲಯದ ಎಚ್.ಎನ್. ಯಜುರ್ವೇದಿ ಅವರೊಡನೆ ಹಲ್ಲಿಯ ಬಳಗದ ಒಂದು ಪ್ರಾಣಿಯಲ್ಲಿ ಒತ್ತಡವು ಅಂಡಾಶಯದ ಬೆಳವಣಿಗೆಯನ್ನು ತಡೆಯುವ ಬಗೆಯನ್ನು ಅಭ್ಯಾಸ ಮಾಡಿದ್ದರು. ಅದೇ ಪ್ರಶ್ನೆಯನ್ನು ಮುಂದೆ ಮೀನಿಗೆ ಒಡ್ಡಿದರು.

ಮೀನಿಗೆ ಕೊಟ್ಟ ಕಷ್ಟಗಳಾದರೂ ಯಾವುವು? ಕೈಯಲ್ಲಿ ಹಿಡಿಯುವುದು, ತೊಟ್ಟಿಯಲ್ಲಿ ಅಟ್ಟಾಡಿಸುವುದು, ಪದೇ ಪದೇ ಬಲೆ ಹಾಕುವುದು, ನೀರಿನ ಮಟ್ಟ ತಗ್ಗಿಸುವುದು. ಮೀನು ಸಾಕುವವರೆಲ್ಲ ದಿನನಿತ್ಯ ಮಾಡುವ ಕೆಲಸಗಳೇ ಇವು, ವಿಷವಲ್ಲ, ರೋಗವಲ್ಲ. 2012ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಈ ಕಾಟಕ್ಕೆ ಸಿಕ್ಕ ಹೆಣ್ಣುಗಳ ರಕ್ತದಲ್ಲಿ ಕಾರ್ಟಿಸಾಲ್ ಏರಿತ್ತು. ಅಂಡಾಶಯದಲ್ಲಿ ಮೊಟ್ಟೆಗಳು ಹಳದಿ ತುಂಬಿಕೊಂಡು ಬಲಿಯುವ ಹಂತಕ್ಕೆ ಬರಲೇ ಇಲ್ಲ, ಮೊಟ್ಟೆಯಿಡುವ ಸರದಿಯೇ ತಪ್ಪಿಹೋಯಿತು.

ಕಾರ್ಟಿಸಾಲ್ ಎಂಬ ರಸವು ಸಾಲದ ನೋಟೀಸು ಬಂದ ದಿನ ಮನುಷ್ಯನ ರಕ್ತದಲ್ಲಿ ಏರುವ ವಸ್ತುವೇ. ಮೀನಿಗೂ ನಮಗೂ ಈ ವಿಷಯದಲ್ಲಿ ಭೇದವಿಲ್ಲ.

ಬೆದರಿಕೆ ಮಿದುಳಿನಿಂದ ಹೊಟ್ಟೆಗೆ ಇಳಿಯುವ ದಾರಿಯನ್ನು ಸ್ವಲ್ಪ ವಿವರವಾಗಿ ನೋಡೋಣ. ಮಿದುಳಿನ ತಳದಲ್ಲಿ ಪಿಟ್ಯೂಟರಿ ಎಂಬ ಪುಟ್ಟ ಗ್ರಂಥಿಯಿದೆ. ಅಲ್ಲಿಂದ ಹೊರಡುವ ಚೋದಕ ರಸಗಳು ಅಂಡಾಶಯವನ್ನು ಎಚ್ಚರಿಸುತ್ತವೆ. ಅಂಡಾಶಯವು ಯಕೃತ್ತಿಗೆ ಸೂಚನೆ ಕಳಿಸುತ್ತದೆ. ಮುಂದೆ ಮರಿಗೆ ಬುತ್ತಿಯಾಗುವ ಹಳದಿ ಪದಾರ್ಥವನ್ನು ಯಕೃತ್ತು ತಯಾರಿಸಿ ರಕ್ತದ ಮೂಲಕ ಮೊಟ್ಟೆಗೆ ಸಾಗಿಸುತ್ತದೆ. ಮೇಲಿನ ತೂಬು ಮುಚ್ಚಿದರೆ ಕೆಳಗಿನ ಗದ್ದೆಗೆ ನೀರಿಲ್ಲ. ತೂಬು ಮುಚ್ಚುವವರು ಯಾರು ಎಂಬುದೇ ಧಾರವಾಡದವರ ಮುಂದಿನ ಶೋಧ.

ಮಿದುಳು ತಾನೇ ತಯಾರಿಸುವ, ಅಫೀಮಿನ ಗುಣವುಳ್ಳ ವಸ್ತುಗಳಿವೆ. ಈ ವಸ್ತುಗಳ ಕೆಲಸವನ್ನು ತಡೆಯುವ ನಾಲ್ಟ್ರೆಕ್ಸೋನ್ ಎಂಬ ಔಷಧಿಯನ್ನು ಒತ್ತಡಕ್ಕೊಳಗಾದ ಮೀನಿಗೆ ಕೊಟ್ಟಾಗ, ಪಿಟ್ಯೂಟರಿಯ ಮೇಲಿನ ದಮನ ಕಡಿಮೆಯಾಯಿತೆಂದು 2013ರಲ್ಲಿ ವರದಿ ಮಾಡಿದರು. ಡೋಪಮಿನ್ ಎಂಬ ಇನ್ನೊಂದು ನರರಸದ ಕೈವಾಡಕ್ಕೂ ಪುರಾವೆ ದೊರೆತು 2015ರಲ್ಲಿ ಪ್ರಕಟವಾಯಿತು. ಅಂದರೆ ಮೀನಿನ ಅಂಡಾಶಯ ಕೆಟ್ಟಿರುವುದಿಲ್ಲ. ಕಾಲ ಒಳ್ಳೆಯದಲ್ಲವೆಂದು ಮಿದುಳು ತೂಬನ್ನು ಮುಚ್ಚಿರುತ್ತದೆ, ಅಷ್ಟೆ.

ಡೋಪಮಿನ್ ಹೆಸರು ಕೇಳಿದರೆ ಮರಿ ಉತ್ಪಾದಿಸುವವರಿಗೆ ಕಿವಿ ನಿಮಿರಬೇಕು. ಕಾಟ್ಲಾ, ರೋಹು, ಮೃಗಾಲ್ ಮೀನುಗಳು ನಿಂತ ನೀರಿನಲ್ಲಿ ಮೊಟ್ಟೆಯಿಡುವುದಿಲ್ಲ. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಮತ್ತು ಅಲಿಕುಂಞಿ ಅವರು ಬೇರೆ ಮೀನಿನ ಪಿಟ್ಯೂಟರಿ ಸಾರವನ್ನು ಚುಚ್ಚಿ ಗೆಂಡೆಮೀನುಗಳಿಂದ ಮೊಟ್ಟೆ ಇಡಿಸಿದರು. ಜುಲೈ 10 ದೇಶದಲ್ಲಿ ಮೀನುಕೃಷಿಕರ ದಿನವಾದದ್ದು ಇದೇ ಕಾರಣಕ್ಕೆ. 1980ರ ದಶಕದಲ್ಲಿ ಕೆನಡಾದ ರಿಚರ್ಡ್ ಪೀಟರ್ ಮತ್ತು ಚೀನಾದ ಲಿನ್ ಹಾವ್‌ರಾನ್ ಅವರು ಡೋಪಮಿನ್ನಿನ ತಡೆಯನ್ನು ತೆಗೆಯುವ ಔಷಧಿಯನ್ನು ಮಿದುಳಿನ ಚೋದಕದೊಡನೆ ಸೇರಿಸಿ ಕೊಡುವ ವಿಧಾನ ರೂಪಿಸಿದರು. ಓವಪ್ರಿಮ್ ಹುಟ್ಟಿದ್ದು ಈ ದಾರಿಯಿಂದಲೇ. ನಮ್ಮ ಗೆಂಡೆಗಳ ಮೇಲೆ ಅದನ್ನು ಪರೀಕ್ಷಿಸಿ ನೋಡಿದವರಲ್ಲಿ ಮಂಗಳೂರು ಮೀನುಗಾರಿಕಾ ಕಾಲೇಜಿನ ಎಂ.ಸಿ. ನಂದೀಶ ಮತ್ತು ಜೊತೆಗಾರರೂ ಇದ್ದರು.

ಆದರೆ ಚುಚ್ಚುಮದ್ದು ಬಲಿತ ಮೊಟ್ಟೆಯನ್ನು ಹೊರಗೆ ಬಿಡಿಸುತ್ತದೆ, ಬಲಿಯದ ಮೊಟ್ಟೆಯನ್ನು ಒಂದೇ ರಾತ್ರಿಯಲ್ಲಿ ಬಲಿಸಲಾರದು. ಮೊಟ್ಟೆಯಲ್ಲಿ ಹಳದಿ ತುಂಬುವುದು ಅದಕ್ಕಿಂತ ಎಷ್ಟೋ ಮುಂಚೆ, ಬೇಸಿಗೆಯಲ್ಲಿ. ನಮ್ಮ ಸೀಮೆಯಲ್ಲಿ ಕೆರೆಗಳು ತಳ ಕಾಣುವುದೂ, ಉಳಿದ ನೀರಿನಲ್ಲಿ ಬಲೆ ಬೀಸುವುದು ಹೆಚ್ಚುವುದೂ ಅದೇ ಕಾಲದಲ್ಲಿ. ಧಾರವಾಡದ ಪ್ರಯೋಗ ನಡೆದದ್ದು ತಿಲಾಪಿಯದ ಮೇಲೆ, ಗೆಂಡೆಯ ಮೇಲಲ್ಲ. ಆದರೂ ಜಿಲೇಬಿಯಂಥ ಜಗಮೊಂಡ ಮೀನೇ ಸೋತಿರುವಾಗ ನಾಜೂಕಿನ ತಾಯಿಮೀನುಗಳನ್ನು ಹಿಂಸಿಸದಿರುವುದು ಜಾಣತನ.

ಹಾಗಾದರೆ ಜಿಲೇಬಿಯ ಹಾವಳಿ ತಪ್ಪಿಸಲು ದಿನಾ ಬಲೆ ಬೀಸಿದರೆ ಸಾಕಲ್ಲ ಎಂದು ಯಾರಾದರೂ ಕೇಳಿಯಾರು. ಬೆದರಿದ ಮೀನಿಗೆ ಮೇವು ಹಿಡಿಸದು, ಮೈ ಹತ್ತದು, ರೋಗ ತಡೆಯುವ ಶಕ್ತಿಯೂ ಕುಗ್ಗುತ್ತದೆ. ಕಳೆ ಕೀಳಲು ಹೋಗಿ ಪೈರನ್ನೇ ತುಳಿದಂತಾದೀತು.

ತಾಯಿಮೀನು ಇಟ್ಟುಕೊಂಡವರು ಮಳೆಗಾಲಕ್ಕೆ ಮೂರು ನಾಲ್ಕು ತಿಂಗಳ ಮುಂಚೆಯೇ ಅವನ್ನು ಬೇರೆ ಹೊಂಡಕ್ಕೆ ಬಿಡಲಿ. ಮಾರಾಟದ ಮೀನಿಗಾಗಿ ಬೀಸುವ ಬಲೆ ಆ ಹೊಂಡದ ಕಡೆ ಸುಳಿಯದಿರಲಿ. ಆ ಹೊಂಡದ ನೀರನ್ನು ತೋಟಕ್ಕೆ ಹಾಯಿಸುವಾಗಲೂ ತಳ ಕಾಣುವವರೆಗೆ ಎಳೆಯಬಾರದು. ಬೆಳವಣಿಗೆ ನೋಡಲೇಬೇಕಾದರೆ ಬೆಳಗಿನ ತಂಪಿನಲ್ಲಿ, ಒದ್ದೆ ಕೈಯಿಂದ, ಒಂದೇ ಸಲಕ್ಕೆ ಮುಗಿಸಬೇಕು. ಮರಿ ಕೊಳ್ಳುವವರು ಮರಿಯ ಬೆಲೆ, ಉದ್ದ ವಿಚಾರಿಸುವುದರ ಜೊತೆಗೆ ಅದರ ತಾಯಿಮೀನು ಬೇಸಿಗೆಯನ್ನು ಎಲ್ಲಿ ಕಳೆಯಿತು ಎಂದೂ ಒಂದು ಮಾತು ಕೇಳಿ ನೋಡಲಿ.