ಉಕ್ಕಿನ ಮೇಲಣ ಅಕ್ಷರಗಳು: ಹಳೆಯ ಬೇಟೆ ರೈಫಲ್ಲಿನ ಪರೀಕ್ಷೆ

ಚುನಾವಣೆ ಘೋಷಿತವಾಯಿತೆಂದರೆ ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ಪರವಾನಗಿದಾರರಲ್ಲಿ ಬಹುಪಾಲಿನವರು ತಮ್ಮ ಬಂದೂಕುಗಳನ್ನು ಪೊಲೀಸ್ ಠಾಣೆಗೆ ಒಪ್ಪಿಸಿ ರಸೀದಿ ಪಡೆಯುವರು. ತಾತನ ಕಾಲದಲ್ಲಿ ಕೃಷ್ಣಮೃಗದ ಬೇಟೆಗೆಂದು ಕೊಂಡು, ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ತರುವಾಯ ಬೀರುವನ್ನೇ ಆಶ್ರಯಿಸಿದ ಬೋಲ್ಟ್ ರೈಫಲ್ಲು ಬೆಳಕು ಕಾಣುವುದು ಅನೇಕ ಮನೆಗಳಲ್ಲಿ ಆ ದಿನವೇ. ಇದು ಯಾರ ಕೈಕೆಲಸ, ಎಷ್ಟು ಬೆಲೆ ಬಾಳೀತು ಎಂಬ ಪ್ರಶ್ನೆಯೂ ಆಗಲೇ ಏಳುವುದು. ಉತ್ತರವು ಆ ಉಕ್ಕಿನ ಮೇಲೆಯೇ ಲಿಖಿತವಾಗಿರುವುದರಿಂದ, ಕುರುಗೋಡಿನ ಸಿಂದರ ಶಾಸನವನ್ನು ಓದುವವನು ಕಲ್ಲನ್ನು ಕೆರೆಯದೆ ಅಕ್ಷರವನ್ನಷ್ಟೇ ಅರಸುವಂತೆ, ಪರೀಕ್ಷಕನೂ ಲೋಹವನ್ನು ಉಜ್ಜದೆ ಗುರುತುಗಳನ್ನು ಅರಸತಕ್ಕದ್ದು.

ಮೊದಲು ಬೋಲ್ಟನ್ನು ಹಿಂದಕ್ಕೆಳೆದು, ಒಳಗೆ ತೋಟಾ ಇಲ್ಲವೆಂಬುದನ್ನು ಕಣ್ಣಿನಿಂದಲೂ ಬೆರಳಿನಿಂದಲೂ ನಿಶ್ಚಯಿಸಿಕೊಳ್ಳಬೇಕು. ಹೊರತೆಗೆದ ಬೋಲ್ಟಿನ ಮುಂತುದಿಯಲ್ಲಿ ಬೀಗದ ಹಲ್ಲುಗಳೆರಡು, ಹಿಂದೆ ಮತ್ತೊಂದು, ಪಕ್ಕದಲ್ಲಿ ತೋಟಾವನ್ನು ಕಚ್ಚಿ ಎಳೆಯುವ ಉದ್ದನೆಯ ಉಕ್ಕಿನ ಪಟ್ಟಿ ಇದ್ದರೆ ಅದು ೧೮೯೮ರ ಮೌಸರ್ ವಿನ್ಯಾಸ. ಲಂಡನ್ನಿನ ರಿಗ್ಬಿಯಂಥ ಪ್ರಖ್ಯಾತ ಸಂಸ್ಥೆಯೂ ಜರ್ಮನಿಯ ಓಬರ್ನ್‌ಡಾರ್ಫಿನಿಂದ ಈ ಯಂತ್ರಭಾಗವನ್ನು ತರಿಸಿ ತನ್ನ ಹೆಸರಿನಲ್ಲಿ ರೈಫಲ್ ಕಟ್ಟುತ್ತಿತ್ತು. ಹಲ್ಲುಗಳು ಹಿಂದುಗಡೆ ಮಾತ್ರ ಇದ್ದರೆ ಅದು ಲೀ ವಿನ್ಯಾಸ. ಸೈನ್ಯದ ೦.೩೦೩ ತೋಟಾ ಭಾರತದ ನಾಗರಿಕರಿಗೆ ನಿಷಿದ್ಧವಾದುದರಿಂದ, ೦.೩೧೫ ಅಂಗುಲದ ತೋಟಾಕ್ಕೆ ಹೊಂದಿಸಿದ ಇಂಥ ರೈಫಲ್ಲುಗಳನ್ನು ಬರ್ಮಿಂಗ್‌ಹ್ಯಾಮಿನ ಬಿ.ಎಸ್.ಎ. ಕಾರ್ಖಾನೆ ಕಳುಹಿಸಿತು, ಸ್ವಾತಂತ್ರ್ಯಾನಂತರ ಬಂಗಾಳದ ಈಶಾಪುರದ ಸರಕಾರಿ ಕಾರ್ಖಾನೆ ಅವನ್ನು ತಾನೇ ನಿರ್ಮಿಸಿತು. ಒಂದಕ್ಕೊಂದು ಆನಿಸಿ ನಿಲ್ಲಿಸಿದ ಮೂರು ಬಂದೂಕುಗಳ ಮುದ್ರೆ ಕಂಡರೆ ಅದು ಬಿ.ಎಸ್.ಎ.ಯದೆಂದು ತಿಳಿಯಬಹುದು. ನಳಿಗೆಯ ಬುಡದಲ್ಲಿ ಕಿರೀಟದ ಕೆಳಗಿನ ಪುಟ್ಟ ಅಕ್ಷರಗಳಾದರೋ ಇಂಗ್ಲೆಂಡಿನ ಪರೀಕ್ಷಾಗೃಹದ ಸಾಕ್ಷ್ಯ.

ರೈಫಲ್ಲಿನ ಮೇಲಣ ದುರ್ಬೀನು ಜೈಸ್, ಹೆನ್ಸೋಲ್ಟ್ ಅಥವಾ ವಿಯೆನ್ನಾದ ಕಾಲೆಸ್ ಆಗಿದ್ದರೆ ಅದಕ್ಕೆ ಪ್ರತ್ಯೇಕ ಗೌರವವುಂಟು. ಗಾಜನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಾಗ ಪ್ರತಿಬಿಂಬವು ನೀಲಿಯ ಛಾಯೆ ತಳೆದರೆ, ಅದು ಜೈಸ್ ಸಂಸ್ಥೆಯ ವಿಜ್ಞಾನಿ ಸ್ಮಾಕುಲ ೧೯೩೫ರಲ್ಲಿ ಸಾಧಿಸಿದ ಲೇಪನದ ಈಚಿನದು. ಬರಿಯ ಬಿಳುಪಾದರೆ ಬಹುಶಃ ಯುದ್ಧಪೂರ್ವದ್ದು. ದುರ್ಬೀನನ್ನು ಹಿಡಿದಿಡುವ ಕೊಕ್ಕೆಗಳನ್ನು ಕುಶಲಿಗಳು ಆಯಾ ರೈಫಲ್ಲಿಗೇ ಅರದಿಂದ ಉಜ್ಜಿ ಕೂರಿಸುತ್ತಿದ್ದುದರಿಂದ, ಮೂಲ ಜೋಡಿ ಅಗಲದೆ ಉಳಿದಿರುವುದೇ ದೊಡ್ಡ ಭಾಗ್ಯ. ಬಳ್ಳಾರಿಯ ಒಣಹವೆ ಗಾಜಿಗೆ ಬೂಷ್ಟು ಹತ್ತದಂತೆ ಕಾಯುವುದಾದರೂ, ಇಲ್ಲಿಯ ಬೇಸಗೆ ಗಾಜುಗಳ ನಡುವಣ ಅಂಟನ್ನು ಸಡಿಲಿಸಬಲ್ಲುದು.

ಆಯುಧಪೂಜೆಯಂದು ಹಚ್ಚಿದ ಹಸಿ ಕುಂಕುಮವನ್ನೂ ನಿಂಬೆಯ ರಸವನ್ನೂ ಸಂಜೆಯೇ ಒರೆಸಿ ಎಣ್ಣೆ ಸವರದಿದ್ದರೆ ಉಕ್ಕಿನ ಮೇಲಣ ನೀಲವರ್ಣವು ಕ್ಷಯಿಸುತ್ತದೆ. ಭಕ್ತಿಯಿಂದ ಆದ ಈ ಕಲೆಯನ್ನು ನಾನು ದೋಷವೆನ್ನಲಾರೆ. ಆದರೆ ಅದನ್ನು ಅಳಿಸಲೆಂದು ಮರಳು ಕಾಗದದಿಂದ ತಿಕ್ಕಿ ಹೊಸ ಬಣ್ಣ ಕೊಡಿಸುವುದು, ಮುದ್ರೆಗಳನ್ನೂ ಅರ್ಧ ಬೆಲೆಯನ್ನೂ ಒಟ್ಟಿಗೆ ಕಳೆಯುವ ಕೆಲಸ.

ಬೆಲೆಯನ್ನು ಏರಿಸುವ ಇನ್ನೊಂದು ಸಂಗತಿ ದಾಖಲೆ. ೧೯೦೭ರಲ್ಲಿ ಚಂಪಾವತದ ನರಭಕ್ಷಕ ಹುಲಿಯನ್ನು ಕೊಂದುದಕ್ಕಾಗಿ ಜಿಮ್ ಕಾರ್ಬೆಟ್ಟರಿಗೆ ಉಡುಗೊರೆಯಾಗಿ ಬಂದ ೦.೨೭೫ ರಿಗ್ಬಿಯನ್ನು ಅದೇ ಬಗೆಯ ಇತರ ರೈಫಲ್ಲುಗಳಿಂದ ಬೇರ್ಪಡಿಸುವುದು ಅದರ ಹಿಡಿಯ ಮೇಲಣ ಬೆಳ್ಳಿಯ ಫಲಕ. ಬಳ್ಳಾರಿಯ ಮನೆಗಳಲ್ಲಿ ಆ ಸ್ಥಾನ ಹಳೆಯ ಪರವಾನಗಿ ಪುಸ್ತಕದ್ದು: ೧೯೫೩ರ ಅಕ್ಟೋಬರ್ ೧ರಂದು ಮೈಸೂರಿಗೆ ಸೇರುವ ಮುನ್ನ ಈ ಸೀಮೆ ಮದ್ರಾಸಿನದಾಗಿದ್ದುದರಿಂದ, ಆ ಆಡಳಿತದ ಮುದ್ರೆಯುಳ್ಳ, ರೈಫಲ್ಲಿನ ಸಂಖ್ಯೆಯನ್ನು ಹೊತ್ತ ಜೀರ್ಣಪತ್ರವು ಸಿಕ್ಕರೆ ಅದನ್ನು ರದ್ದಿಗೆ ಹಾಕಲಾಗದು.

ವಿದೇಶೀ ಬಂದೂಕುಗಳ ಆಮದು ದಶಕಗಳಿಂದ ಬಹುಮಟ್ಟಿಗೆ ನಿಂತಿರುವುದರಿಂದ ಇಲ್ಲಿರುವ ಹಳೆಯವಕ್ಕೆ ಬೇಡಿಕೆ ಹೆಚ್ಚು. ಆದರೆ ಆಯುಧ ಕಾಯ್ದೆಯ ೨೦೧೯ರ ತಿದ್ದುಪಡಿಯ ಅನಂತರ ಒಬ್ಬನಿಗೆ ಸಾಮಾನ್ಯವಾಗಿ ಎರಡೇ ಬಂದೂಕು ಸಲ್ಲುವುದರಿಂದ ಕೊಳ್ಳುವವರು ಕಡಿಮೆ. ಮಾರಲಿಚ್ಛಿಸುವವನು ಜಿಲ್ಲಾ ದಂಡಾಧಿಕಾರಿಗೋ ಸಮೀಪದ ಠಾಣೆಗೋ ಲಿಖಿತವಾಗಿ ತಿಳಿಸಿ ೪೫ ದಿನ ಕಾಯತಕ್ಕದ್ದು. ಕೊಳ್ಳುವವನ ಬಳಿ ಪರವಾನಗಿ ಇರಲೇಬೇಕು.